ಹಾಡು ಯಾರದ್ದು, ಲೆಕ್ಕ ಯಾರದ್ದು? ರ‍್ಯಾಪ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಕರಾವಳಿಯ ಹುಡುಗರ ರ‍್ಯಾಪ್ ಹಾಡುಗಳ ಬಗ್ಗೆ ಬಂದ ಒಂದು ಚಿಕ್ಕ ಪ್ರಶ್ನೆಗೆ ಉತ್ತರಿಸುವಾಗ, ಆಲ್ಬಮ್ ಎಷ್ಟು ಮಾರಾಟವಾಯಿತು ಎಂಬುದರಿಂದ ಕಲಾವಿದರ ಬೆಲೆ ಕಟ್ಟಲಾಗದು ಎಂದು ಬರೆದಿದ್ದೆ. ಆ ಒಂದು ವಾಕ್ಯಕ್ಕೆ ಇಷ್ಟೊಂದು ಪತ್ರಗಳು ಬರಬಹುದೆಂದು ಎಣಿಸಿರಲಿಲ್ಲ. ಒಪ್ಪಿದವರಿಗಿಂತ ಒಪ್ಪದವರ ಪತ್ರಗಳೇ ಹೆಚ್ಚು ವಿಚಾರಪೂರ್ಣವಾಗಿದ್ದವು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಕೆಲವರು ತಾವು ಮಾಡಿಕೊಂಡ ಅಥವಾ ಮಾಡಿಕೊಳ್ಳಲಿರುವ ಒಪ್ಪಂದಗಳ ಬಗ್ಗೆ ಬರೆದಿರುವುದರಿಂದ ಯಾರ ಹೆಸರನ್ನೂ ಕೊಡದೆ ಊರನ್ನು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿ ಯಾರ ಆಲ್ಬಮ್ ಪ್ಲಾಟಿನಂ ಆಯಿತು, ಮೊದಲ ವಾರ ಎಷ್ಟು ಪ್ರತಿ ಹೋಯಿತು ಎಂಬುದನ್ನು ಹಿಡಿದೇ ರ‍್ಯಾಪರ್‌ಗಳನ್ನು ತೂಗುತ್ತಾರೆ. ಜನ ತಮ್ಮ ಕಿಸೆಯಿಂದ ಹಣ ಕೊಟ್ಟು ಕೊಂಡುಕೊಂಡರು ಎಂಬುದಕ್ಕಿಂತ ದೊಡ್ಡ ಪ್ರಮಾಣ ಬೇರೆ ಏನಿದೆ? ಮಾರಾಟಕ್ಕೆ ಬೆಲೆಯಿಲ್ಲ ಎಂದು ನೀವು ಹೇಗೆ ಹೇಳುತ್ತೀರಿ? (ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಮಾರಾಟಕ್ಕೆ ಬೆಲೆಯಿಲ್ಲ ಎಂದು ನಾನು ಹೇಳಿಲ್ಲ, ಮಾರಾಟದಿಂದ ಬೆಲೆ ಕಟ್ಟಲಾಗದು ಎಂದಿದ್ದೆ. ರ‍್ಯಾಪ್ ಹುಟ್ಟಿ ಬೆಳೆದ ಹಿಪ್‌ಹಾಪ್ ಸಂಗೀತಕ್ಕೆ ಮಾರಾಟದ ಲೆಕ್ಕವೇ ನ್ಯಾಯ ದೊರಕಿಸಿಕೊಟ್ಟ ಒಂದು ಸಂದರ್ಭವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. 1991ರ ಮೇ ತಿಂಗಳ ತನಕ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿ ತಯಾರಾಗುತ್ತಿದ್ದುದು ಅಂಗಡಿಯವರು ಕೊಟ್ಟ ಬಾಯಿಮಾತಿನ ವರದಿಯ ಮೇಲೆ. ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಕೇಳಿದಾಗ ಅಂಗಡಿಯವರು ತಮಗೆ ನೆನಪಾದದ್ದನ್ನೋ, ಕಂಪನಿಯ ಪ್ರತಿನಿಧಿ ಬಂದು ಹೇಳಿ ಹೋದದ್ದನ್ನೋ ಒಪ್ಪಿಸುತ್ತಿದ್ದರು. ಆ ತಿಂಗಳು ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂದು, ಕೌಂಟರಿನಲ್ಲಿ ಬಾರ್‌ಕೋಡ್ ಓದಿದ ಪ್ರತಿಗಳನ್ನು ಮಾತ್ರ ಎಣಿಸತೊಡಗಿತು. ಒಂದು ತಿಂಗಳೊಳಗೆ ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನ ಎನ್‌ಡಬ್ಲ್ಯೂಎ ತಂಡದ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಅದೂ ದೊಡ್ಡ ಕಂಪನಿಯದಲ್ಲ, ಸ್ವತಂತ್ರ ಲೇಬಲ್ಲಿನ, ಅಂದರೆ ಹಾಡು ಹೊರತರುವ ಸಣ್ಣ ಸಂಸ್ಥೆಯ, ಆಲ್ಬಮ್. ಕೇಳುಗರು ಮೊದಲೂ ಇದ್ದರು, ಅವರನ್ನು ಎಣಿಸುವ ಕಣ್ಣು ಮಾತ್ರ ಇರಲಿಲ್ಲ. ಈ ಅರ್ಥದಲ್ಲಿ ನಿಮ್ಮ ಮಾತು ಸರಿ: ಯಾರೂ ಕಣ್ಣೆತ್ತಿ ನೋಡದ ಬಡಾವಣೆಯ ಹುಡುಗರ ಪರವಾಗಿ ಅಂದು ಅಂಕಿಗಳೇ ಸಾಕ್ಷಿ ನುಡಿದವು.

ಆದರೆ ಆಮೇಲಿನ ಕಥೆ ಅಷ್ಟು ನೇರವಾಗಿಲ್ಲ. ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ 5 ಲಕ್ಷ ಪ್ರತಿಗೆ ಗೋಲ್ಡ್, 10 ಲಕ್ಷಕ್ಕೆ ಪ್ಲಾಟಿನಂ, 1 ಕೋಟಿಗೆ ಡೈಮಂಡ್ ಎಂದು ಪ್ರಮಾಣಪತ್ರ ಕೊಡುತ್ತದೆ. ಹಿಂದೆ ಈ ಲೆಕ್ಕ ಕಂಪನಿಯು ಅಂಗಡಿಗಳಿಗೆ ಕಳುಹಿಸಿದ ಪ್ರತಿಗಳದ್ದಾಗಿತ್ತು. ಗಿರಾಕಿ ಕೊಂಡುಹೋದದ್ದೇ ಬೇರೆ, ಕಂಪನಿ ಲಾರಿಗೆ ತುಂಬಿಸಿದ್ದೇ ಬೇರೆ. 2013ರಲ್ಲಿ ರ‍್ಯಾಪರ್ ಜೇ-ಜೀ ಅವರ ಹೊಸ ಆಲ್ಬಮ್ಮಿನ 10 ಲಕ್ಷ ಪ್ರತಿಗಳನ್ನು ಸ್ಯಾಮ್‌ಸಂಗ್ ಕಂಪನಿ ತಲಾ 5 ಡಾಲರ್ ಕೊಟ್ಟು ಮುಂಗಡವಾಗಿ ಕೊಂಡು, ತನ್ನ ಫೋನ್ ಇದ್ದವರಿಗೆ ಪುಕ್ಕಟೆಯಾಗಿ ಹಂಚಿತು. ಕಂಪನಿಗಳ ಸಂಘ ತನ್ನ ನಿಯಮವನ್ನೇ ಬದಲಿಸಿ ಅದಕ್ಕೆ ಪ್ಲಾಟಿನಂ ಕೊಟ್ಟಿತು. ಬಿಲ್‌ಬೋರ್ಡ್ ಆ ಪ್ರತಿಗಳನ್ನು ಎಣಿಸಲೇ ಇಲ್ಲ. ಒಂದೇ ಆಲ್ಬಮ್, ಒಂದೇ ದಿನ, ಎರಡು ತೀರ್ಪು.

ಕರಾವಳಿಯವರಾದ ನಮಗೆ ಇದು ಹೊಸತಾಗಿ ಕಾಣಬೇಕಿಲ್ಲ. ಡೇರೆ ಮೇಳದ ಯಕ್ಷಗಾನ ಆಟಕ್ಕೆ ಗೇಟಿನಲ್ಲಿ ಎಷ್ಟು ಟಿಕೆಟು ಹರಿಯಿತು ಎಂಬುದೇ ಲೆಕ್ಕ. ಕಟೀಲು ಮೇಳದಂಥ ಹರಕೆ ಮೇಳದಲ್ಲಿ ಇಡೀ ರಾತ್ರಿಯ ವೀಳ್ಯವನ್ನು, ಅಂದರೆ ಆಟದ ಹಣವನ್ನು, ಒಬ್ಬ ಸೇವಾಕರ್ತರು ಕೊಡುತ್ತಾರೆ, ಊರಿಗೆ ಊರೇ ಬಂದು ಟಿಕೆಟಿಲ್ಲದೆ ನೋಡುತ್ತದೆ. ಸ್ಯಾಮ್‌ಸಂಗ್ ಮಾಡಿಸಿದ್ದು ಒಂದು ಬಗೆಯ ಹರಕೆ ಆಟವೇ. ನಮ್ಮಲ್ಲಿ ಹೆಚ್ಚಿನ ಡೇರೆ ಮೇಳಗಳು ಒಂದೊಂದಾಗಿ ಮಡಚಿಕೊಂಡವು. ಹರಕೆ ಆಟಗಳಿಗೆ ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಸಬೇಕಾಗಿದೆ. ಗೇಟು ಇಲ್ಲವಾಯಿತು ಎಂದು ವೇಷಧಾರಿಯ ಕಲೆ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಹಣ ಬರುವ ದಾರಿ ಬದಲಾಯಿತು, ಅಷ್ಟೇ.

ಹಾಡನ್ನು ಕೊಳ್ಳದೆ ಇಂಟರ್ನೆಟ್ಟಿನಲ್ಲೇ ಕೇಳುವ ಸ್ಟ್ರೀಮಿಂಗ್ ಬಂದ ಮೇಲೆ 'ಮಾರಾಟ' ಎಂಬ ಮಾತಿನ ಅರ್ಥವೇ ಸಡಿಲವಾಗಿದೆ. 2014ರ ಕೊನೆಗೆ ಬಿಲ್‌ಬೋರ್ಡ್, 2016ರ ಫೆಬ್ರವರಿಯಲ್ಲಿ ಕಂಪನಿಗಳ ಸಂಘ, 1,500 ಸಲ ಹಾಡು ಕೇಳಿದರೆ ಒಂದು ಆಲ್ಬಮ್ ಮಾರಾಟವಾದಂತೆ ಎಂದು ಲೆಕ್ಕ ಹಿಡಿದವು. ಈ ನಿಯಮ ಬಂದ ಕೂಡಲೇ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ ಹಿಂದಿನ ವರ್ಷದ ಆಲ್ಬಮ್ಮಿಗೆ ಪ್ಲಾಟಿನಂ ಸಿಕ್ಕಿತು. ಆಗ ಅವರದೇ ಲೇಬಲ್ಲಿನ ಯಜಮಾನರು, ನಾವು ಹಳೆಯ ಲೆಕ್ಕದವರು, 10 ಲಕ್ಷ ಪ್ರತಿ ನಿಜವಾಗಿ ಮಾರಾಟವಾದರೆ ಮಾತ್ರ ಅದು ಪ್ಲಾಟಿನಂ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಹೇಳಿದರು. ಆ ನಿಷ್ಠುರತೆ ನನಗೆ ಬಹಳ ಹಿಡಿಸಿದೆ.

ಇನ್ನೊಂದನ್ನು ಮರೆಯಬಾರದು. ಹಿಪ್‌ಹಾಪ್ ಹುಟ್ಟಿದ್ದು ಮಾರಾಟಕ್ಕೆ ಏನೂ ಇಲ್ಲದಿದ್ದಾಗ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ತಮ್ಮ ಕಟ್ಟಡದ ಕೋಣೆಯೊಂದರಲ್ಲಿ ನಡೆಸಿದ ಪಾರ್ಟಿಯನ್ನು ಅದರ ಜನ್ಮದಿನವೆಂದು ಎಣಿಸುತ್ತಾರೆ. ರ‍್ಯಾಪ್‌ನ ಮೊದಲ ಜನಪ್ರಿಯ ರೆಕಾರ್ಡು, ಶುಗರ್‌ಹಿಲ್ ಗ್ಯಾಂಗಿನದು, ಅಂಗಡಿಗೆ ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ ಆ ಕಲೆ ಪಾರ್ಕು, ಬೀದಿ, ಸಮುದಾಯ ಭವನಗಳಲ್ಲಿ, ಕೈಯಿಂದ ಕೈಗೆ ದಾಟುವ ಟೇಪುಗಳಲ್ಲಿ ಬೆಳೆಯಿತು. ಆ ಆರು ವರ್ಷಗಳ ಕಲಾವಿದರ ಮಾರಾಟದ ಲೆಕ್ಕ ಸೊನ್ನೆ.

ನನ್ನ ಸ್ವಂತ ಅನುಭವವನ್ನೂ ಹೇಳಬೇಕು. 1990ರ ದಶಕದಲ್ಲಿ ನಾನು ಮಂಗಳೂರಿನ ಹಂಪನಕಟ್ಟೆಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಂಪನಿಯ ಪ್ರತಿನಿಧಿ ಪೋಸ್ಟರು, ಗೊಂಚಲು ಗೊಂಚಲು ಕಾಗದದ ತೋರಣ ತಂದು ಕೊಟ್ಟ ಸಿನಿಮಾ ಕ್ಯಾಸೆಟ್ಟುಗಳು ಗಾಜಿನ ಕಪಾಟಿನ ಎದುರು ಸಾಲಿನಲ್ಲಿ ನಿಲ್ಲುತ್ತಿದ್ದವು. ವೇಷವಿಲ್ಲದೆ ಕುಳಿತು, ಹಾಡಿಗೆ 'ಅರ್ಥ' ಹೇಳುತ್ತಾ ಪ್ರಸಂಗ ನಡೆಸುವ ತಾಳಮದ್ದಳೆಯ ಕ್ಯಾಸೆಟ್ಟುಗಳಿಗೆ ಪೋಸ್ಟರೂ ಇರಲಿಲ್ಲ, ಪ್ರತಿನಿಧಿಯೂ ಇರಲಿಲ್ಲ. ಅವು ಕೌಂಟರಿನ ಕೆಳಗಿನ ಡ್ರಾಯರಿನಲ್ಲಿ, ಒಂದರ ಮೇಲೊಂದು, ಬೆನ್ನಿನ ಮೇಲೆ ಪೆನ್ನಿನಲ್ಲಿ ಪ್ರಸಂಗದ ಹೆಸರು ಬರೆದುಕೊಂಡು ಮಲಗಿರುತ್ತಿದ್ದವು. ಸಿನಿಮಾ ಕ್ಯಾಸೆಟ್ಟಿನ ಗಿರಾಕಿ ಕಪಾಟು ನೋಡಿ ಆರಿಸುತ್ತಿದ್ದ. ತಾಳಮದ್ದಳೆಯ ಗಿರಾಕಿ ಕಪಾಟಿನ ಕಡೆ ನೋಡುತ್ತಲೇ ಇರಲಿಲ್ಲ, ಬೆಳ್ತಂಗಡಿಯಿಂದಲೋ ಪುತ್ತೂರಿನಿಂದಲೋ ಬಸ್ಸಿಳಿದು ನೇರ ಬಂದು, "ಶೇಣಿಯವರ ಅರ್ಥ ಇರುವುದು ಬಂದಿದೆಯಾ?" ಎಂದು ಕೇಳುತ್ತಿದ್ದ. ಆರು ತಿಂಗಳಾದ ಮೇಲೆ ಎದುರು ಸಾಲಿನ ಕ್ಯಾಸೆಟ್ಟುಗಳು ರಟ್ಟಿನ ಪೆಟ್ಟಿಗೆಯಲ್ಲಿ ಕಂಪನಿಗೆ ವಾಪಸು ಹೋಗುತ್ತಿದ್ದವು. ಡ್ರಾಯರಿನಿಂದ ಒಂದೂ ವಾಪಸು ಹೋದದ್ದು ನನಗೆ ನೆನಪಿಲ್ಲ. ಹೀಗಿದ್ದೂ ಆ ಆರು ತಿಂಗಳ ಲೆಕ್ಕದ ಪುಸ್ತಕದಲ್ಲಿ ಸಿನಿಮಾದ ಅಂಕಿಯೇ ಹತ್ತು ಪಟ್ಟು ದೊಡ್ಡದು. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಣ್ಣಿಗೆ ಕಟ್ಟಿದ್ದು ಆ ಡ್ರಾಯರು.

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ರ‍್ಯಾಪ್ ಬರೆದು ಹಾಡುತ್ತಾನೆ, ಗೆಳೆಯರು ಮೆಚ್ಚಿದ್ದಾರೆ. ಈಗ ಯಾರೋ ಪ್ರಚಾರ ಮಾಡಿಕೊಡುವವರು 15,000 ರೂಪಾಯಿ ಕೊಟ್ಟರೆ ಒಂದು ಲಕ್ಷ ವ್ಯೂಸ್ ಮಾಡಿಸಿಕೊಡುತ್ತಾರಂತೆ, ಅಷ್ಟಾದರೆ ದೊಡ್ಡ ಕಂಪನಿಯವರು ತಾವಾಗಿ ಕರೆಯುತ್ತಾರಂತೆ. ಓದು ಬಿಡುವ ಮಾತನ್ನೂ ಆಡುತ್ತಿದ್ದಾನೆ. ಹಣ ಕೊಡಲೋ ಬೇಡವೋ? (ತಾಯಿ, ಬ್ರಹ್ಮಾವರ)

ಉತ್ತರ: ಅಮ್ಮ, ಆ ಹಣವನ್ನು ದಯವಿಟ್ಟು ಕೊಡಬೇಡಿ. ಇಂತಿಷ್ಟು ಹಣಕ್ಕೆ ಇಂತಿಷ್ಟು ವ್ಯೂಸ್ ಎಂದು ದರ ಹೇಳುವವರು ಮಾರುತ್ತಿರುವುದು ಕೇಳುಗರನ್ನಲ್ಲ, ಯಂತ್ರಗಳು ಒತ್ತಿದ ಗುಂಡಿಗಳನ್ನು. ಸ್ಟ್ರೀಮಿಂಗ್ ಕಂಪನಿಗಳು ಇಂಥ ನಕಲಿ ಕೇಳುವಿಕೆಯನ್ನು ಪತ್ತೆ ಮಾಡಿ ಲೆಕ್ಕದಿಂದ ತೆಗೆದುಹಾಕುತ್ತವೆ. ಸ್ಪಾಟಿಫೈ 2024ರಿಂದ ಇಂಥ ಹಾಡುಗಳಿಗಾಗಿ, ಹಾಡನ್ನು ತನಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ದಂಡವನ್ನೂ ಹಾಕುತ್ತಿದೆ. ಡಿಸ್ಟ್ರಿಬ್ಯೂಟರ್ ಅದನ್ನು ಹಾಡಿದವನ ತಲೆಗೆ ಕಟ್ಟಬಹುದು, ಹಾಡನ್ನೇ ಇಳಿಸಲೂಬಹುದು. ಇನ್ನು ಕಂಪನಿಯವರು ಅಂಕಿ ನೋಡಿ ಕರೆಯುತ್ತಾರೆ ಎಂಬ ಮಾತು. ಒಂದು ಲಕ್ಷ ವ್ಯೂಸ್ ಇದ್ದು ಕೆಳಗೆ ಹನ್ನೆರಡು ಕಮೆಂಟು ಇರುವ ಹಾಡಿನ ಗುಟ್ಟು ಆ ಕಸುಬಿನವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ನಿಜವಾದ ಪ್ರಚಾರ ಬೇರೆಯದೇ. ಒಳ್ಳೆಯ ಲೇಬಲ್ ಮಾಡುವ ಕೆಲಸವೆಂದರೆ ವಿಡಿಯೊಗೆ ಬಂಡವಾಳ ಹಾಕುವುದು, ಪ್ಲೇಲಿಸ್ಟ್ ನೋಡಿಕೊಳ್ಳುವ ಸಂಪಾದಕರಿಗೆ ಹಾಡು ಬರುವ ಮೊದಲೇ ತಲುಪಿಸುವುದು, ರೇಡಿಯೊ, ಪತ್ರಿಕೆ, ಕಾಲೇಜು ಉತ್ಸವ, ಸಿನಿಮಾದವರ ಜೊತೆ ಮಾತಾಡುವುದು, ಬೇರೆಯವರ ಹಾಡಿನ ತುಣುಕು ಬಳಸಿದ್ದರೆ ಅನುಮತಿ ತರುವುದು. ಇವೆಲ್ಲ ಬೆವರಿನ ಕೆಲಸ, ಸಂಪರ್ಕದ ಕೆಲಸ. ಇದರ ಬೆಲೆಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅಮೆರಿಕದ ಮ್ಯಾಕ್ಲ್‌ಮೋರ್ ಮತ್ತು ರಯಾನ್ ಲೂಯಿಸ್ ಜೋಡಿ 2012ರಲ್ಲಿ ತಮ್ಮ ಆಲ್ಬಮನ್ನು ಯಾವ ಲೇಬಲ್ಲಿಗೂ ಬರೆದುಕೊಡದೆ ತಾವೇ ಹೊರತಂದರು. ಆದರೂ ರೇಡಿಯೊ ಪ್ರಚಾರ ತಮ್ಮಿಂದಾಗದು ಎಂದು ತಿಳಿದು, ವಾರ್ನರ್ ಕಂಪನಿಯ ರೇಡಿಯೊ ವಿಭಾಗವನ್ನು ಹಣ ಕೊಟ್ಟು ಗೊತ್ತುಮಾಡಿಕೊಂಡರು. ಹಾಡು ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು, ಹಾಡಿನ ಒಡೆತನ ಅವರ ಬಳಿಯೇ ಉಳಿಯಿತು. ಪ್ರಚಾರ ಬೇಕೆನಿಸಿದರೆ ಕೊಳ್ಳಬೇಕಾದ್ದು ಹೀಗೆ.

ಓದಿನ ವಿಷಯದಲ್ಲಿ ನಿಮ್ಮ ಮಗನಿಗೆ ಅಮೆರಿಕದ ರ‍್ಯಾಪರ್ ಜೆ. ಕೋಲ್ ಅವರ ಹೆಸರು ಹೇಳಿ. ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರು 2007ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಿಂದ ಉನ್ನತ ಶ್ರೇಣಿಯಲ್ಲಿ ಪದವಿ ಮುಗಿಸಿದರು. ಜೇ-ಜೀ ಅವರ ಲೇಬಲ್ಲಿಗೆ ಸೇರಿದ್ದು 2009ರಲ್ಲಿ. ಇನ್ನೊಂದು ವರ್ಷದಲ್ಲಿ ಪದವಿ ಮುಗಿಯುವುದಾದರೆ ಅದನ್ನು ಮುಗಿಸಿಕೊಳ್ಳಲಿ. ಅಷ್ಟರಲ್ಲಿ ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ. ಕೊಡುವುದಿದ್ದರೆ ಆ 15,000 ರೂಪಾಯಿಯನ್ನು ಒಂದು ಒಳ್ಳೆಯ ಮೈಕಿಗೆ ಕೊಡಿ. ನೀವು ಅವನ ಹಾಡನ್ನು ಒಮ್ಮೆ ಕುಳಿತು ಪೂರ್ತಿಯಾಗಿ ಕೇಳಿದ್ದೀರೋ ಇಲ್ಲವೋ ನಿಮ್ಮ ಪತ್ರದಿಂದ ತಿಳಿಯಲಿಲ್ಲ. ಕೇಳಿಲ್ಲದಿದ್ದರೆ ಕೇಳಿ.

ಪ್ರಶ್ನೆ: ನಾವು ಮೂವರು ಗೆಳೆಯರು ತುಳುವಿನಲ್ಲಿ ರ‍್ಯಾಪ್ ಮಾಡುತ್ತೇವೆ. ಪಿಲಿನಲಿಕೆಯ (ಹುಲಿಕುಣಿತದ) ತಾಸೆ ವಾದ್ಯದ ಪೆಟ್ಟನ್ನು ಹಾಡಿನ ಹಿಂದಿನ ಬೀಟಿಗೆ ಸೇರಿಸಿ ಮಾಡಿದ ಒಂದು ಹಾಡು ದಸರಾ ಹೊತ್ತಿಗೆ ರೀಲ್ಸ್‌ನಲ್ಲಿ ಚೆನ್ನಾಗಿ ಓಡಿತು. ಒಂದು ಆಡಿಯೊ ಕಂಪನಿಯವರು 25,000 ರೂಪಾಯಿ ಕೊಡುತ್ತೇವೆ, ಪ್ರಚಾರ ನಮ್ಮದು, ಹಾಡಿನ ಎಲ್ಲ ಹಕ್ಕು ನಮಗೆ ಬರೆದುಕೊಡಿ ಎನ್ನುತ್ತಿದ್ದಾರೆ. ಇಷ್ಟು ದೊಡ್ಡ ಚಾನೆಲ್‌ನಲ್ಲಿ ಬರುವುದು ಭಾಗ್ಯವೆಂದು ಒಬ್ಬನ ಅಭಿಪ್ರಾಯ. ಏನು ಮಾಡುವುದು? (ಬಜ್ಪೆ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿಕೊಂಡದ್ದು ನಿಮ್ಮ ಪತ್ರ. ಸಹಿ ಹಾಕುವ ಮೊದಲು ಬರೆದಿರಿ, ಅದು ದೊಡ್ಡ ಸಮಾಧಾನ.

ಎರಡು ವರ್ಷದ ಹಿಂದೆ ನಿಮ್ಮ ವಯಸ್ಸಿನ ಒಬ್ಬ ಯುವಕ ಮೂರು ಹಾಳೆಯ ಒಪ್ಪಂದವನ್ನು ಹಿಡಿದುಕೊಂಡು ನನ್ನ ಬಳಿ ಬಂದಿದ್ದ. ಹಾಳೆಗಳು ಮಳೆಗೆ ನೆನೆದು ಒಣಗಿ ಹಪ್ಪಳದಂತಾಗಿದ್ದವು. ಇಂಗ್ಲಿಷಿನಲ್ಲಿದ್ದ ಎರಡನೆಯ ಪುಟದಲ್ಲಿ ಒಂದು ಸಾಲಿತ್ತು: ಈಗ ಇರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ. ಅವನು ಅದನ್ನು ಓದಿರಲಿಲ್ಲ. ಮೊದಲ ಪುಟದ 10,000 ರೂಪಾಯಿಯನ್ನೂ ಕೊನೆಯ ಪುಟದ ಸಹಿಯ ಜಾಗವನ್ನೂ ನೋಡಿದ್ದ. ಕಂಪನಿ ಹಾಡನ್ನು ತನ್ನ ಚಾನೆಲ್‌ಗೆ ಏರಿಸಿ, ಅದೇ ವಾರ ಬಂದ ಇನ್ನೂ ಐದಾರು ಹಾಡುಗಳ ಕೆಳಗೆ ಮುಚ್ಚಿಹೋಗಲು ಬಿಟ್ಟಿತು. ಒಂದು ವರ್ಷದ ಮೇಲೆ ಅವನು ಗೆಳೆಯನ ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ ಅದೇ ಹಾಡನ್ನು ಹಾಡಿ, ವಿಡಿಯೊವನ್ನು ತನ್ನ ಪುಟ್ಟ ಚಾನೆಲ್‌ನಲ್ಲಿ ಹಾಕಿದ. ಸಂಜೆಯೊಳಗೆ ಹಕ್ಕುಸ್ವಾಮ್ಯದ ನೋಟೀಸು ಬಂತು. ತಾನೇ ಬರೆದ, ತಾನೇ ಹಾಡಿದ ಹಾಡಿಗೆ. ಫೋನಿನ ಪರದೆಯಲ್ಲಿ ಆ ನೋಟೀಸನ್ನು ತೋರಿಸುವಾಗ ಅವನು ನನ್ನ ಮುಖ ನೋಡಲಿಲ್ಲ.

ಈಗ ನಿಮ್ಮ ವಿಷಯ. ಕಾನೂನು ನಿಮ್ಮ ಪರವಾಗಿ ಸಾಕಷ್ಟು ಹೇಳುತ್ತದೆ, ಅದನ್ನು ತಿಳಿದುಕೊಂಡು ಮಾತಿಗೆ ಕುಳಿತುಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು, ಬಾಯಿಮಾತಿನಲ್ಲಿ ನಡೆಯುವುದಿಲ್ಲ. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದನ್ನು ಬರೆಯಬೇಕು. ಕಾಲ ಬರೆಯದಿದ್ದರೆ 5 ವರ್ಷವೆಂದೂ ಪ್ರದೇಶ ಬರೆಯದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಪಡೆದ ಹಕ್ಕನ್ನು ಕಂಪನಿ ಒಂದು ವರ್ಷದೊಳಗೆ ಬಳಸದೆ ಬಿಟ್ಟಲ್ಲಿ ಅದು ಕಳಚಿಹೋಗುತ್ತದೆ. 2012ರ ತಿದ್ದುಪಡಿಯಿಂದ ಎರಡು ಮುಖ್ಯ ರಕ್ಷಣೆಗಳು ಬಂದಿವೆ. ಒಪ್ಪಂದದ ದಿನ ಇಲ್ಲದಿದ್ದ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಹೆಸರಿಸಿ ಬರೆಯದ ಹೊರತು, ಆ ವರ್ಗಾವಣೆ ತಗಲುವುದಿಲ್ಲ. ಎರಡನೆಯದಾಗಿ, ಸಾಹಿತ್ಯ ಬರೆದವರು ಮತ್ತು ಸಂಗೀತ ಹಾಕಿದವರು ತಮ್ಮ ರಾಯಲ್ಟಿಯ (ಹಾಡಿನ ಬಳಕೆಗೆ ಬರುವ ಹಣದ) ಸಮಪಾಲನ್ನು ಕಂಪನಿಗೆ ಬಿಟ್ಟುಕೊಟ್ಟೆವೆಂದು ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಮೂವರಲ್ಲಿ ಸಾಹಿತ್ಯ ಬರೆಯುವವರು, ಸಂಗೀತ ಮಾಡುವವರು ಯಾರೋ ಅವರು ಅಂಥ ಸಂಘವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯತ್ವವನ್ನು ತಡಮಾಡದೆ ಪಡೆಯಬೇಕು. ರ‍್ಯಾಪರ್ ಎಂದರೆ ಮೊದಲು ಸಾಹಿತಿ. ಇದನ್ನು ನಮ್ಮ ಹುಡುಗರೇ ನಂಬುವುದಿಲ್ಲ.

ಇನ್ನು ಧ್ವನಿಮುದ್ರಣದ ಒಡೆತನ, ಇಂಗ್ಲಿಷಿನವರು ಮಾಸ್ಟರ್ ಎನ್ನುವುದು. ನಮ್ಮ ಕಾನೂನಿನಲ್ಲಿ ಅದು ಮುಂದಾಗಿ ಹೊಣೆ ಹೊತ್ತು ಧ್ವನಿಮುದ್ರಣ ಮಾಡಿಸಿದವರದ್ದು. ಸ್ಟುಡಿಯೊ ಬಾಡಿಗೆ ನೀವು ಕೊಟ್ಟಿದ್ದರೆ ಆ ಬಿಲ್ಲನ್ನು ಜೋಪಾನವಾಗಿಡಿ. ಬೀಟನ್ನು ಇಂಟರ್ನೆಟ್ಟಿನಿಂದ ಕೊಂಡದ್ದಾದರೆ ಅದರ ಲೈಸೆನ್ಸನ್ನು ಇಂದೇ ಓದಿ. ಲಿಲ್ ನ್ಯಾಸ್ ಎಕ್ಸ್ ಎಂಬ ಅಮೆರಿಕದ ಯುವಕ 2018ರಲ್ಲಿ ಕೇವಲ 30 ಡಾಲರಿಗೆ ಕೊಂಡ ಬೀಟಿನ ಮೇಲೆ ಹಾಡಿ, ಯಾವ ಕಂಪನಿಯ ನೆರವೂ ಇಲ್ಲದೆ ಟಿಕ್‌ಟಾಕ್‌ನಲ್ಲಿ ಹಬ್ಬಿಸಿದ. ಆ ಬೀಟಿನೊಳಗೆ ನೈನ್ ಇಂಚ್ ನೇಲ್ಸ್ ತಂಡದ ಹಾಡಿನ ತುಣುಕಿತ್ತು, ಅದಕ್ಕೆ ಅನುಮತಿ ತರಬೇಕಾಯಿತು. 2019ರಲ್ಲಿ ಕೊಲಂಬಿಯಾ ಕಂಪನಿ ಅವನನ್ನು ಸೇರಿಸಿಕೊಂಡು, ಹಳೆಯ ಹಳ್ಳಿಗಾಡು ಸಂಗೀತದ ಗಾಯಕರೊಬ್ಬರನ್ನು ಜೊತೆಗೂಡಿಸಿದ ಮೇಲೆ ಹಾಡು 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಕಿಡಿ ಹೊತ್ತಿಸಿದ್ದು ಅವನು, ಗಾಳಿ ಹಾಕಿದ್ದು ಕಂಪನಿ. ನಿಮ್ಮ ತಾಸೆಯ ಹಾಡಿನಲ್ಲಿಯೂ ಕಿಡಿ ನಿಮ್ಮದೇ, ಅದು ಈಗಾಗಲೇ ಹೊತ್ತಿದೆ. ಕಂಪನಿಯವರು ಬಂದಿರುವುದೇ ಅದಕ್ಕೆ.

ಅಡ್ವಾನ್ಸ್ ಎಂಬುದರ ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ. ಮುಂದೆ ದೊಡ್ಡ ಕಂಪನಿಯೊಂದು 2 ಲಕ್ಷ ಅಡ್ವಾನ್ಸ್ ಕೊಟ್ಟು, 3 ಲಕ್ಷ ವಿಡಿಯೊ ಮತ್ತು ಪ್ರಚಾರಕ್ಕೆ ಹಾಕಿತು, ರೂಪಾಯಿಗೆ 20 ಪೈಸೆ ನಿಮ್ಮ ಪಾಲು ಎಂದಿಟ್ಟುಕೊಳ್ಳಿ. ಖರ್ಚಿನ 5 ಲಕ್ಷವನ್ನು ಅವರು ಮುರಿದುಕೊಳ್ಳುವುದು ಸಾಮಾನ್ಯವಾಗಿ ನಿಮ್ಮ 20 ಪೈಸೆಯಿಂದ. ಅಂದರೆ ಹಾಡು 25 ಲಕ್ಷ ದುಡಿದ ಮೇಲೆಯೇ ನಿಮ್ಮ ಖಾತೆ ಸೊನ್ನೆಗೆ ಬರುತ್ತದೆ. ಆ ಹೊತ್ತಿಗೆ ಕಂಪನಿಯು ತನ್ನ 5 ಲಕ್ಷವನ್ನು ವಾಪಸು ಪಡೆದು ಇನ್ನೂ 20 ಲಕ್ಷ ಎಣಿಸಿರುತ್ತದೆ. ಪ್ರಚಾರ ನಮ್ಮದು ಎಂದು ಅವರು ಹೇಳುವಾಗ, ಪ್ರಚಾರದ ಖರ್ಚು ಯಾರ ಪಾಲಿನಿಂದ ಎಂದು ಕೇಳುವುದು ಇದಕ್ಕಾಗಿ. ನ್ಯೂ ಆರ್ಲಿಯನ್ಸಿನ ರ‍್ಯಾಪರ್ ಮಾಸ್ಟರ್ ಪಿ 1996ರಲ್ಲಿ ಪ್ರಯಾರಿಟಿ ಕಂಪನಿಯ ಜೊತೆ ವಿತರಣೆಯ ಒಪ್ಪಂದವನ್ನಷ್ಟೇ ಮಾಡಿಕೊಂಡು, ಗಳಿಕೆಯಲ್ಲಿ ನೂರಕ್ಕೆ 85 ಪಾಲನ್ನೂ ಮಾಸ್ಟರ್‌ಗಳನ್ನೂ ತಾವೇ ಇಟ್ಟುಕೊಂಡರು. ಅಂಥ ಮಾತನ್ನು ಅವರು ಆಡಲು ಸಾಧ್ಯವಾದದ್ದು, ಅಷ್ಟರಲ್ಲಿ ಸ್ವಂತವಾಗಿ ಕ್ಯಾಸೆಟ್ಟು, ಸಿಡಿ ಮಾರಿ ಗಿರಾಕಿಗಳನ್ನು ಕಟ್ಟಿಕೊಂಡಿದ್ದರಿಂದ. ಸುರತ್ಕಲ್ಲಿನ ಗೆಳೆಯರೂ ಇದನ್ನು ಗಮನಿಸಲಿ: ಮಾರಾಟ ಅತಿ ಹೆಚ್ಚು ಕೆಲಸಕ್ಕೆ ಬರುವುದು ಒಪ್ಪಂದದ ಮೇಜಿನಲ್ಲಿ.

ಹಾಗಾದರೆ ಕಂಪನಿಯವರಿಗೆ ಬೇಡವೆನ್ನಬೇಕೇ? ಹಾಗಲ್ಲ. ಹಾಡನ್ನು ಮಾರುವುದಿಲ್ಲ, 3 ವರ್ಷದ ಮಟ್ಟಿಗೆ ಲೈಸೆನ್ಸ್ ಕೊಡುತ್ತೇವೆ ಎಂದು ಹೇಳಿ. ಹಾಡು ಹಾಕಿದ ದಿನದಿಂದ ಇಷ್ಟು ದಿನದೊಳಗೆ ಇಂಥಿಂಥ ಪ್ರಚಾರ ಮಾಡುತ್ತೇವೆ ಎಂದು ಬರೆಯಿಸಿ. ವೇದಿಕೆಯಲ್ಲಿ ಹಾಡುವ, ನಿಮ್ಮ ಪುಟಗಳಲ್ಲಿ ಬಳಸುವ ಹಕ್ಕು ನಿಮಗೇ ಇರಲಿ. ಆರು ತಿಂಗಳಿಗೊಮ್ಮೆ ಲೆಕ್ಕದ ಹಾಳೆ ಕೇಳಿ. ಸಹಿಗೆ ಮೊದಲು ಮಂಗಳೂರಿನಲ್ಲಿ ಯಾರಾದರೂ ವಕೀಲರಿಗೆ ತೋರಿಸಿ. ಅವರ ಶುಲ್ಕ ಆ 25,000ಕ್ಕಿಂತ ಬಹಳ ಕಡಿಮೆ. ಒಪ್ಪದಿದ್ದರೆ ಬಿಟ್ಟುಬಿಡಿ. ಮುಂಬೈಯ ರ‍್ಯಾಪರ್ ಡಿವೈನ್ 2015ರಲ್ಲಿ ಸೋನಿ ಮ್ಯೂಸಿಕ್‌ನ ಮೂಲಕ ದೇಶಕ್ಕೆ ಪರಿಚಿತರಾದರೂ 2019ರಲ್ಲಿ ಸ್ವಂತ ಸಂಸ್ಥೆಯನ್ನೇ ಕಟ್ಟಿಕೊಂಡರು. ಚಾನ್ಸ್ ದ ರ‍್ಯಾಪರ್ ಲೇಬಲ್ಲೇ ಬೇಡವೆಂದು 2016ರ ತಮ್ಮ ಆಲ್ಬಮನ್ನು ಸ್ಟ್ರೀಮಿಂಗ್‌ನಲ್ಲಿ ಮಾತ್ರ ಬಿಟ್ಟು, ಒಂದು ಪ್ರತಿಯನ್ನೂ ಮಾರದೆ ಗ್ರ್ಯಾಮಿ ಪ್ರಶಸ್ತಿ ಪಡೆದರು. ಆದರೆ ಅವರಿಗೂ ಬೆಂಬಲವಿಲ್ಲದೆ ಇರಲಿಲ್ಲ. ಎರಡು ವಾರ ತನ್ನಲ್ಲಿ ಮಾತ್ರ ಇರಲಿ ಎಂದು ಆ್ಯಪಲ್ 5 ಲಕ್ಷ ಡಾಲರ್ ಕೊಟ್ಟಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಎರಡು ವಾರ, ಶಾಶ್ವತವಲ್ಲ. ಆ ವ್ಯತ್ಯಾಸವನ್ನು ಭಾಗ್ಯವೆನ್ನುವ ನಿಮ್ಮ ಗೆಳೆಯನಿಗೆ ತೋರಿಸಿ.

ಪ್ರಶ್ನೆ: ಈಗಿನ ಕಾಲದಲ್ಲಿ ಹತ್ತು ಹಾಡಿನ ಆಲ್ಬಮ್ ಮಾಡುವುದರಿಂದ ಪ್ರಯೋಜನ ಇದೆಯೇ, ಒಂದೊಂದೇ ಹಾಡು ಬಿಡುವುದು ಒಳ್ಳೆಯದೇ? (ಕಾರ್ಕಳ)

ಉತ್ತರ: ಹೊಸಬರಿಗೆ ಒಂದೊಂದೇ ಹಾಡು. ಸ್ಪಾಟಿಫೈನಂಥ ಕಡೆ ಪ್ಲೇಲಿಸ್ಟಿಗೆ ಕಳುಹಿಸುವಾಗ ಒಂದು ಸಲಕ್ಕೆ ಒಂದೇ ಹಾಡನ್ನು, ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕಳುಹಿಸಬೇಕಾಗುತ್ತದೆ. ಹತ್ತು ಹಾಡು ಒಟ್ಟಿಗೆ ಬಿಟ್ಟರೆ ಒಂಬತ್ತು ಹಾಡಿಗೆ ಆ ಅವಕಾಶ ತಪ್ಪುತ್ತದೆ. ಹೇಳಲೇಬೇಕಾದ ಒಂದು ದೊಡ್ಡ ಕಥೆ ಇದ್ದು, ಅದನ್ನು ಕಾಯುವ ಜನ ಇದ್ದರೆ ಮಾತ್ರ ಆಲ್ಬಮ್ ಮಾಡಿ. ಮಂಗಳೂರಿನ ಸೇಂಟ್ ಅಲೋಶಿಯಸ್‌ನ ರೇಡಿಯೊ ಸಾರಂಗ್ 107.8, ಮಣಿಪಾಲದ ರೇಡಿಯೊ ಮಣಿಪಾಲ್ 90.4 ಇವು ಸಮುದಾಯ ಬಾನುಲಿಗಳು. ಸ್ಥಳೀಯ ಭಾಷೆಯ ಹಾಡಿಗೆ ಸಿನಿಮಾ ಹಾಡುಗಳ ನಡುವೆ ನುಗ್ಗಬೇಕಾದ ತೊಂದರೆ ಇಲ್ಲಿ ಕಡಿಮೆ. ನೇರವಾಗಿ ಹೋಗಿ ಕೇಳಿ.

ಪ್ರಶ್ನೆ: ಕುಂದಾಪ್ರ ಕನ್ನಡದಲ್ಲಿ ನಾನು ಮಾಡಿದ ರ‍್ಯಾಪ್ ಹಾಡು ಬಂದು ನಾಲ್ಕು ತಿಂಗಳಾಯಿತು. ಕೇಳಿದವರು ಬರೀ 800 ಮಂದಿ. ಲೇಬಲ್ ಇಲ್ಲ, ಪ್ರಚಾರ ಇಲ್ಲ. ಬಿಟ್ಟುಬಿಡಲೇ? ಲೆಕ್ಕದ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. (ಕುಂದಾಪುರ)

ಉತ್ತರ: ಬಿಡಬೇಡಿ, ಆದರೆ ನಿಮ್ಮ ಸ್ಕ್ರೀನ್‌ಶಾಟನ್ನು ನೀವೇ ಸರಿಯಾಗಿ ಓದಿಲ್ಲ. ವರ್ಷಕ್ಕೆ 1,000 ಸಲ ಕೇಳದ ಹಾಡಿಗೆ ಸ್ಪಾಟಿಫೈ ಹಣ ಕೊಡುವುದಿಲ್ಲ ಎಂಬುದು ನಿಜ. 800 ಜನರಲ್ಲಿ ಹಲವರು ಎರಡನೆಯ ಸಲ ಕೇಳಿದ್ದಾರೆಂದು, ಒಟ್ಟು ಸಂಖ್ಯೆ ಸಾವಿರ ದಾಟಿದೆಯೆಂದು ಕೆಳಗಿನ ಸಾಲು ಹೇಳುತ್ತಿದೆ, ಹಾಗಾಗಿ ಆ ಗೆರೆಯನ್ನು ನೀವು ದಾಟಿಯೇ ಇದ್ದೀರಿ. ಬರುವುದು ಕೆಲವೇ ರೂಪಾಯಿ. ಅದರ ಬಗ್ಗೆ ಆಸೆ ಬೇಡ. ನಾನು ಹೇಳಬೇಕೆಂದಿರುವುದು ಊರುಗಳ ಪಟ್ಟಿಯ ಬಗ್ಗೆ. ಅದರಲ್ಲಿ ಕುಂದಾಪುರ, ಉಡುಪಿ ಮೇಲಿಲ್ಲ. ಮೊದಲು ಬೆಂಗಳೂರು, ಎರಡನೆಯದು ಮುಂಬೈ, ನಾಲ್ಕನೆಯದು ದುಬೈ. ಹೋಟೆಲು, ಕ್ಯಾಂಟೀನು, ಕಚೇರಿ ಎಂದು ಊರು ಬಿಟ್ಟು ಹೋದವರು ನಿಮ್ಮ ಹಾಡಿನಲ್ಲಿ ಮನೆಯ ಮಾತನ್ನು ಕೇಳುತ್ತಿದ್ದಾರೆ. ಮಂಗಳೂರಿನ ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರು ದಶಕಗಳ ಕಾಲ ನಿಂತದ್ದು ಇಂಥವರ ಮೇಲೆಯೇ. ಅವರ ಕ್ಯಾಸೆಟ್ಟುಗಳು ಕೊಲ್ಲಿಗೆ ಹೋಗುವವರ ಚೀಲದಲ್ಲಿ ಹೋಗುತ್ತಿದ್ದವು, ಹಿಂದೆಯೇ ಅವರ 'ವಿಲ್ಫಿ ನೈಟ್' ಸಂಗೀತ ಕಾರ್ಯಕ್ರಮ ಮುಂಬೈಗೂ ಕೊಲ್ಲಿಗೂ ಹೋಗುತ್ತಿತ್ತು. ನಮ್ಮ ಅಂಗಡಿಯಲ್ಲಿ ಒಬ್ಬರು ವಿಮಾನ ಹತ್ತುವ ಹಿಂದಿನ ದಿನ ಒಂದೇ ಕ್ಯಾಸೆಟ್ಟಿನ ಹನ್ನೆರಡು ಪ್ರತಿ ಕಟ್ಟಿಸಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಂಗಳೂರಿನಲ್ಲಿ ಕುಂದಾಪುರದವರ ಕೂಟಗಳಿವೆ, ಆಷಾಢ ಅಮಾವಾಸ್ಯೆಯ ಹೊತ್ತಿಗೆ ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತಾರೆ. ಅವರಿಗೆ ಒಂದು ಪತ್ರ ಬರೆಯಿರಿ, ಹಾಡಿನ ಲಿಂಕಿನ ಜೊತೆ ಈ ಊರುಗಳ ಪಟ್ಟಿಯನ್ನೂ ಕಳುಹಿಸಿ, ಹತ್ತು ನಿಮಿಷದ ವೇದಿಕೆ ಕೇಳಿ. ಪ್ರಯಾಣದ ಖರ್ಚನ್ನಾದರೂ ಕೇಳಲು ಸಂಕೋಚಪಡಬೇಡಿ. ಅವರು ಒಪ್ಪಿದರೆ ನನಗೂ ಒಂದು ಸಾಲು ಬರೆಯಿರಿ, ನಾನು ಬರುತ್ತೇನೆ.